ಚುಕ್ಕಿ, ಗೆರಿ, ಹಾದಿ: ದಾರಿ ಬರದಿಡೋ ಸಾಫ್ಟ್‌ವೇರಿನ ಕಥಿ

ನಮ್ಮ ಕಡೆಯಿಂದ ಪಂಢರಪುರಕ್ಕ ನಡಕೋತ ಹೋಗೋ ದಿಂಡಿಯ ಹಾದಿ ಹೆಚ್ಚು ಕಡಿಮಿ ಹಿರೇರ ತಲಿಯೊಳಗ ಇರ್ತದ. ಯಾವ ಊರಿನ ಗುಡಿ ಪೌಳಿಯೊಳಗ ವಸ್ತಿ, ಯಾವ ಭಾಂವಿ ನೀರು ಸಿಹಿ, ಹೆಣ್ಣಮಕ್ಕಳಿಗೆ ಸ್ನಾನಕ್ಕ ಎಲ್ಲಿ ಮರಿ ಅದ, ಎಲ್ಲಿ ಡಾಂಬರ ರಸ್ತೆ ಬಿಟ್ಟು ಹೊಲದ ಬದುವಿನ ಹಾದಿ ಹಿಡದ್ರ ಲಾರಿ ಕಾಟ ಇಲ್ಲ, ಇದೆಲ್ಲಾ ಬಾಯಿಂದ ಬಾಯಿಗೆ ಬಂದದ್ದು. ನಮ್ಮ ಓಣಿಯೊಳಗ ಇದೆಲ್ಲಾ ಪೂರ್ತಿ ಗೊತ್ತಿದ್ದವರು ಈಗ ಮಾವಶಿ ಒಬ್ಬರ. ಅವರಿಗೆ ಮೊಳಕಾಲು ಕೂಡಲಿಕ್ಕೆ ಏಳಲಿಕ್ಕೆ ಕೊಡವಲ್ಲವು. ಮುಂದಿನ ಆಷಾಢಕ್ಕ ಅವರು ಬರೂದಿಲ್ಲ ಅಂತ ಹೇಳಿಬಿಟ್ಟಾರ. ಅದಕ್ಕ ಹುಡುಗ್ಯಾರು "ಹಾದಿ ಎಲ್ಲಾ ಕಂಪ್ಯೂಟರ್‌ನ್ಯಾಗ ಹಾಕಿ ಇಟ್ಟಬಿಡೋಣ" ಅಂತ ಹೊಂಟಾರ.

ಛಲೋ ಮಾತು. ಆದ್ರ ಯಾವ ಸಾಫ್ಟ್‌ವೇರಿನ್ಯಾಗ ಹಾಕೂದು? ಒಬ್ಬಾಕಿ ಒಂದ ಹೆಸರು ಹೇಳ್ತಾಳ, ಇನ್ನೊಬ್ಬಾಕಿ ಇನ್ನೊಂದು. ತಾಮ್ರದ ಕೊಡ ತೊಗೊಳ್ಳುವಾಗ ನಾವು ಬಣ್ಣ ನೋಡಂಗಿಲ್ಲ, ಬಾರಿಸಿ ನೋಡ್ತೀವಿ, ಯಾವ ಅಂಗಡಿದು ಅಂತ ಕೇಳ್ತೀವಿ. ಇದನ್ನೂ ಹಂಗ ಕೇಳಬೇಕು. ಈ ದಾರಿ ತೋರಸೋ ವಿದ್ಯಾ ಎಲ್ಲಿಂದ ಬಂತು, ಯಾರ ಸಲುವಾಗಿ ಆತು, ಯಾವುದು ಉಳೀತು, ಯಾವುದು ನಡುದಾರಿಯೊಳಗ ಕೈ ಬಿಟ್ಟಿತು, ಈ ಕಥಿ ಗೊತ್ತಾದ್ರ ಆರಿಸೂದು ತಾನಾಗೇ ಹಗುರ ಆಗ್ತದ.

ಮೊದಲ ನಕಾಶದಿಂದ ಸುರು ಮಾಡ್ತೀನಿ. ನಮ್ಮ ದಕ್ಷಿಣ ಭಾರತವನ್ನ ಸರಿಯಾಗಿ ಅಳೀಲಿಕ್ಕೆ ಹೊಂಟಾವ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ವಿಲಿಯಂ ಲ್ಯಾಂಬ್ಟನ್. ಟಿಪ್ಪು ಸುಲ್ತಾನನ ಮ್ಯಾಲಿನ ಯುದ್ಧದಾಗೂ ಇದ್ದಾವ. 1802ರ ಏಪ್ರಿಲ್‌ನಾಗ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಉಕ್ಕಿನ ಸರಪಳಿ ಹಾಸಿ ಸುಮಾರು ಏಳೂವರಿ ಮೈಲಿನ ಒಂದು ಗೆರಿ ಅಳದ. ಅಲ್ಲಿಂದ ತ್ರಿಕೋನದ ಮ್ಯಾಲೆ ತ್ರಿಕೋನ ಕಟಗೋತ ಮೈಸೂರು ಸೀಮಿ ದಾಟಿ ಮಂಗಳೂರಿನ ಸಮುದ್ರ ಮುಟ್ಟಿದ. ಆವಾಗ ಗೊತ್ತಾತು, ಮದ್ರಾಸಿನಿಂದ ಮಂಗಳೂರಿಗೆ ಇರೂದು 360 ಮೈಲು ಅಷ್ಟ, ಹಳೇ ನಕಾಶದಾಗ ಬರದಂಗ 400 ಅಲ್ಲ. ಕಾಗದದ ಮ್ಯಾಲೆ ನಲವತ್ತು ಮೈಲು ಜಾಗಾ ಪುಸ್ ಅಂತು. ಈ ನಕಾಶ ಆದದ್ದು ಕಂಪನಿಗೆ, ಅದರ ದಂಡಿಗೆ, ಕಂದಾಯಕ್ಕ. ಬೆಟ್ಟ, ಕೋಟಿ, ದಂಡು ಹೋಗೋ ರಸ್ತೆ ಅದರಾಗ ಬಂತು, ನೀರು ತರೋ ಹೆಣ್ಣಮಕ್ಕಳ ಕಾಲುದಾರಿ ಬರಲಿಲ್ಲ. ರೊಕ್ಕ ಕೊಟ್ಟವರಿಗೆ ಏನು ಬೇಕೋ ಅದು ನಕಾಶದಾಗ ಇರ್ತದ. ಈ ಒಂದ ಮಾತು ನೆನಪಿಟ್ಟುಗೋರಿ, ಮುಂದ ಎಲ್ಲಾ ಕಡೆ ಇದ ಬರ್ತದ.

ಇನ್ನ ಕಂಪ್ಯೂಟರ್ ದಾರಿ ಹುಡಕೂದು ಹೆಂಗ ಕಲೀತು ಅನ್ನೂದು. ಇದು ಭಾಳ ಮಜಾ ಅದ. 1956ರಾಗ ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಂ ಊರಾಗ ಎಡ್ಸ್‌ಖರ್ ಡೈಕ್‌ಸ್ಟ್ರಾ ಅನ್ನೋ ಹುಡುಗ ತಾನು ಮದುವಿ ಆಗೋ ಹುಡುಗಿ ಜೊತಿ ಬಜಾರಕ್ಕ ಹೋಗಿದ್ದ. ತಿರುಗಿ ತಿರುಗಿ ದಣದು ಇಬ್ಬರೂ ಕಾಫಿ ಕುಡೀಲಿಕ್ಕೆ ಕೂತ್ರು. ಅಲ್ಲೇ ಕೂತಾಗ, ಕಾಗದ ಪೆನ್ಸಿಲ್ ಇಲ್ಲದ, ಇಪ್ಪತ್ತ ನಿಮಿಷದಾಗ ಒಂದು ಲೆಕ್ಕ ಹೊಳೀತು. ಒಂದು ಊರಿಂದ ಇನ್ನೊಂದು ಊರಿಗೆ ಎಲ್ಲಾಕ್ಕಿಂತ ಸಣ್ಣ ದಾರಿ ಯಾವುದು ಅಂತ ಕಂಡುಹಿಡಿಯೋ ಲೆಕ್ಕ. ಆವಾಗಿನ ಹೊಸಾ ಕಂಪ್ಯೂಟರ್ ಆರ್ಮ್ಯಾಕ್ ಅಂತ ಒಂದಿತ್ತು, ಅದು ಏನು ಮಾಡ್ತದ ಅಂತ ಜನಕ್ಕ ತೋರಸಲಿಕ್ಕೆ ಅವರ ದೇಶದ 64 ಊರು ಹಾಕಿ ಈ ಲೆಕ್ಕ ಮಾಡಿ ತೋರಿಸಿದ್ರು. 1959ರಾಗ ಅದು ಅಚ್ಚಾತು.

ಲೆಕ್ಕ ಏನು ದೊಡ್ಡದಲ್ಲ. ಅಂಗಳದಾಗ ಒಂದು ಕಡೆ ನೀರು ಚೆಲ್ಲಿದ್ರ ಹೆಂಗ ಹರೀತದ? ಮೊದಲು ಹತ್ತಿರದ ಸಂದಿಗೆ, ಅಲ್ಲಿಂದ ಅದರ ಹತ್ತಿರದ ಸಂದಿಗೆ. ಯಾವ ಮೂಲಿಗೆ ನೀರು ಮೊದಲು ಯಾವ ಕಡೆಯಿಂದ ಬಂದು ಮುಟ್ಟತದೋ ಅದ ಅಲ್ಲಿಗೆ ಸಣ್ಣ ದಾರಿ. ಡೈಕ್‌ಸ್ಟ್ರಾನ ಲೆಕ್ಕನೂ ಹಂಗ. ಹತ್ತಿರದ್ದನ್ನ ಮೊದಲು ಮುಗಸು, ಅದರಿಂದ ಮುಂದಿಂದು ಹಿಡಿ, ಇನ್ನೂ ಸಣ್ಣ ದಾರಿ ಸಿಕ್ಕರ ಹಳೇದನ್ನ ಅಳಿಸಿ ಹೊಸಾದು ಬರಕೋ. ಇವತ್ತು ಫೋನಿನ್ಯಾಗ "ಎಡಕ್ಕೆ ತಿರುಗಿ" ಅಂತ ಹೇಳೋ ಪ್ರತಿ ಸಾಫ್ಟ್‌ವೇರಿನ ತಳದಾಗ ಈ ವಿಚಾರನ ಅದ. ವ್ಯಾಳ್ಯಾ ಉಳಸಲಿಕ್ಕೆ ಅದಕ್ಕ ಆಮ್ಯಾಲ ಒಗ್ಗರಣಿ ಬ್ಯಾರೆ ಬ್ಯಾರೆ ಕೊಟ್ಟಾರ, ಅಷ್ಟ.

ಆದ್ರ ಒಂದು ತಿಳಕೋರಿ. "ಸಣ್ಣ ದಾರಿ" ಅಂದ್ರ ಏನು ಅಂತ ಕಂಪ್ಯೂಟರಿಗೆ ನಾವು ಹೇಳಬೇಕು. ಕಿಲೋಮೀಟರ್ ಕಡಿಮಿನೋ, ವ್ಯಾಳ್ಯಾ ಕಡಿಮಿನೋ, ಏರು ಕಡಿಮಿನೋ? ಕಾರಿನ ಸಲುವಾಗಿ ಮಾಡಿದ ಸಾಫ್ಟ್‌ವೇರ್ ಹೆದ್ದಾರಿ ಕಡೆ ಎಳೀತದ. ನಡಿಯೋರಿಗೆ ಹೆದ್ದಾರಿ ಅಂದ್ರ ಜೀವದ ಭಯ. ಲೆಕ್ಕ ಇಬ್ಬರಿಗೂ ಒಂದ, ಉತ್ತರ ಮಾತ್ರ ಬ್ಯಾರೆ.

ದಾರಿ ಹುಡಕೂದು ಆತು, ನಾವು ಎಲ್ಲಿದ್ದೀವಿ ಅಂತ ಗೊತ್ತಾಗೂದು ಹೆಂಗ? 1957ರಾಗ ರಷ್ಯಾದವರು ಸ್ಪುಟ್ನಿಕ್ ಹಾರಿಸಿದ್ರು. ಅದರ ಬೀಪ್ ಬೀಪ್ ಸಪ್ಪಳ ಕೇಳಕೋತ ಅಮೆರಿಕಾದ ಇಬ್ಬರು ವಿಜ್ಞಾನಿಗಳು, ವಿಲಿಯಂ ಗೈಯರ್ ಮತ್ತ ಜಾರ್ಜ್ ವೈಫನ್‌ಬಾಕ್, ಸಪ್ಪಳ ಏರಿಳಿಯೋದರ ಮ್ಯಾಲೆ ಉಪಗ್ರಹ ಎಲ್ಲೆ ಅದ ಅಂತ ಲೆಕ್ಕ ಹಾಕಿದ್ರು. ರೈಲು ಹತ್ತಿರ ಬರುವಾಗ ಸೀಟಿ ಏರ್ತದ, ದೂರ ಹೋಗುವಾಗ ಇಳೀತದ ನೋಡ್ರಿ, ಹಂಗ. ಅವರ ಮುಖ್ಯಸ್ಥ ಫ್ರ್ಯಾಂಕ್ ಮ್ಯಾಕ್ಲೂರ್ ಅದನ್ನ ತಿರುವಿ ಹಾಕಿದ: ಉಪಗ್ರಹ ಎಲ್ಲೆ ಅದ ಅಂತ ಮೊದಲ ಗೊತ್ತಿದ್ರ, ಕೇಳಲಿಕತ್ತವರು ಎಲ್ಲಿದ್ದಾರ ಅಂತ ಹೇಳಬಹುದಲ್ಲ? ಅದರಿಂದ ಸಮುದ್ರದ ಕೆಳಗಿನ ಯುದ್ಧದ ಹಡಗುಗಳಿಗೆ ಟ್ರಾನ್ಸಿಟ್ ಅನ್ನೋ ವ್ಯವಸ್ಥಾ ಆತು. ಅದರ ಬೆನ್ನಿಗೆ ಜಿಪಿಎಸ್. ಅದರ ಮೊದಲ ಉಪಗ್ರಹ ಹಾರಿದ್ದು 1978ರ ಫೆಬ್ರುವರಿಯೊಳಗ.

ಇಲ್ಲೊಬ್ಬ ಹೆಣ್ಣಮಗಳ ಹೆಸರು ಹೇಳದ ಮುಂದ ಹೋಗಂಗಿಲ್ಲ. ಗ್ಲ್ಯಾಡಿಸ್ ವೆಸ್ಟ್ ಅಂತ. 1930ರಾಗ ವರ್ಜೀನಿಯಾದ ಒಂದು ಒಕ್ಕಲುತನದ ಕರಿಯರ ಮನಿಯೊಳಗ ಹುಟ್ಟಿದಾಕಿ. ಹೊಲದ ಕೆಲಸ ಬ್ಯಾಡಾಗಿ ಓದು ಹಿಡದು, ವಿದ್ಯಾರ್ಥಿವೇತನ ಗೆದ್ದು, ಗಣಿತ ಕಲತು 1956ರಾಗ ಡಾಲ್‌ಗ್ರೆನ್ ಅನ್ನೋ ಊರಿನ ನೌಕಾದಳದ ಕಚೇರಿ ಸೇರಿದ್ರು. ಬಿಳಿಯರು ಕರಿಯರು ಬ್ಯಾರೆ ಬ್ಯಾರೆ ಕೂಡೋ ಕಾಲ ಅದು. ಭೂಮಿ ಗುಂಡಗ ಅದ ಅಂತೀವಿ ಖರೆ, ಹದವಾಗಿ ಕಟ್ಟಿದ ಉಂಡಿ ಹಂಗ ಇಲ್ಲ ಅದು. ಅಲ್ಲೊಂದು ಉಬ್ಬು, ಇಲ್ಲೊಂದು ತಗ್ಗು. ಆ ಖರೆ ಆಕಾರದ ಲೆಕ್ಕ ಇಲ್ಲದ ಉಪಗ್ರಹ ಹೇಳೋ ಜಾಗಾ ತಪ್ತದ. ಆ ಲೆಕ್ಕವನ್ನ ದೊಡ್ಡ ಐಬಿಎಂ ಕಂಪ್ಯೂಟರಿಗೆ ಕಲಿಸಿಕೊಟ್ಟವರೊಳಗ ಈಕಿ ಒಬ್ಬರು. ಮೂರು ಮಕ್ಕಳನ್ನ ಬೆಳಸಿ, ನಿವೃತ್ತಿ ಆಗಿ, ಎಷ್ಟೋ ವರ್ಷ ಆದ ಮ್ಯಾಲೆ 2018ರಾಗ ಅಮೆರಿಕಾದ ವಾಯುಸೇನಾ ಅವರಿಗೆ ಮರ್ಯಾದಿ ಮಾಡ್ತು. ಅಲ್ಲೀತನಕ ಆಕಿ ಮಾಡಿದ ಕೆಲಸ ಹೊರಗಿನ ಮಂದಿಗೆ ಗೊತ್ತಿದ್ದಿಲ್ಲ. ಇಷ್ಟೆಲ್ಲಾ ಮಾಡಿದಾಕಿ ತಾವು ಊರಿಗೆ ಹೋಗುವಾಗ ಮಾತ್ರ ಕಾಗದದ ನಕಾಶನ ಹಿಡಕೊಂಡು ಹೋಗೂದು ಅಂತ ಹೇಳಿದ್ರು.

ಮಿಲಿಟರಿಯವರದ್ದಾಗಿದ್ದ ಜಿಪಿಎಸ್ ನಮ್ಮ ಕೈಗೆ ಬಂದದ್ದರ ಹಿಂದ ಒಂದು ದುಃಖದ ಕಥಿ ಅದ. 1983ರ ಸಪ್ಟೆಂಬರ್ 1ಕ್ಕ ಕೊರಿಯಾದ ಒಂದು ಪ್ರಯಾಣಿಕರ ವಿಮಾನ ಹಾದಿ ತಪ್ಪಿ ರಷ್ಯಾದ ಆಕಾಶದಾಗ ಹೋತು. ರಷ್ಯಾದ ಯುದ್ಧವಿಮಾನ ಅದನ್ನ ಹೊಡದು ಕೆಡವಿತು. 269 ಮಂದಿ ಸತ್ರು. ಹಾದಿ ತಪ್ಪಿದ್ದಷ್ಟ ಅವರು ಮಾಡಿದ್ದು. ಅದೇ ತಿಂಗಳದಾಗ ರೇಗನ್ ಸರಕಾರ, ಜಿಪಿಎಸ್ ಪೂರ್ತಿ ಆದ ಮ್ಯಾಲೆ ಸಾಮಾನ್ಯ ಮಂದಿಗೂ ಪುಕ್ಕಟ ಕೊಡ್ತೀವಿ ಅಂತ ಹೇಳಿತು. ಕೊಟ್ಟರು, ಆದ್ರ ಅರ್ಧಂಬರ್ಧ. ಮಂದಿಗೆ ಸಿಗೋ ಸಂಕೇತದೊಳಗ ಬೇಕಂತನ ಹೆಚ್ಚುಕಡಿಮಿ ಬೆರಸಿದ್ರು. ನೀವು ಗುಡಿ ಮುಂದ ನಿಂತಿದ್ರ ಅದು ನೂರು ಮೀಟರ್ ಆಚೆ ಕೆರಿಯೊಳಗ ನಿಂತೀರಿ ಅಂತ ತೋರಸಬಹುದು. 2000ದ ಮೇ 1ಕ್ಕ ಅಧ್ಯಕ್ಷ ಕ್ಲಿಂಟನ್ ಆ ಕಲಬೆರಕಿ ನಿಲ್ಲಿಸ್ತೀವಿ ಅಂತ ಹೇಳಿ ಅವತ್ತ ರಾತ್ರಿ ನಿಲ್ಲಿಸಿಬಿಟ್ರು. ಒಂದ ರಾತ್ರಿಯೊಳಗ ನೂರು ಮೀಟರಿನ ಅಳತಿ ಇಪ್ಪತ್ತು ಮೀಟರಿನ ಒಳಗ ಬಂತು.

ಭಾಳ ಮಂದಿ ಜಿಪಿಎಸ್ ಅಂದ್ರ ಮ್ಯಾಲಿನಿಂದ ಯಾರೋ ನಮ್ಮನ್ನ ನೋಡ್ತಾರ ಅಂತ ತಿಳಕೋತಾರ. ಹಂಗಲ್ಲ. ಉಪಗ್ರಹ 20,200 ಕಿಲೋಮೀಟರ್ ಎತ್ತರದಾಗ ತಿರಗಕೋತ "ಈಗ ಇಷ್ಟು ಗಂಟೆ, ನಾ ಇಲ್ಲಿದ್ದೀನಿ" ಅಂತ ಕೂಗ್ತದ, ಅಷ್ಟ. ಫೋನು ನಾಲ್ಕು ಉಪಗ್ರಹದ ಕೂಗು ಕೇಳಿ, ಯಾವುದು ಎಷ್ಟು ತಡಾ ಬಂತು ಅಂತ ಲೆಕ್ಕ ಹಾಕಿ ತನ್ನ ಜಾಗಾ ತಿಳಕೋತದ. ರೇಡಿಯೋ ಕೇಳಿದಂಗ. ರೇಡಿಯೋದವರಿಗೆ ಯಾರು ಕೇಳಲಿಕತ್ತಾರ ಅಂತ ಗೊತ್ತಾಗಂಗಿಲ್ಲ. ನೀವು ಎಲ್ಲಿದ್ದೀರಿ ಅಂತ ಹೊರಗ ಹೇಳೂದು ಉಪಗ್ರಹ ಅಲ್ಲ, ಫೋನಿನ್ಯಾಗ ಕೂತ ಸಾಫ್ಟ್‌ವೇರ್. ಅದಕ್ಕ ಸಾಫ್ಟ್‌ವೇರ್ ಆರಿಸೂದು ಅಂದ್ರ ನಮ್ಮ ಮನಿ ಮಾತು ಯಾರ ಮುಂದ ಹೇಳೂದು ಅಂತ ಆರಿಸಿದಂಗ. ನಮ್ಮ ದೇಶದ್ದೂ ಇಂಥಾದ್ದೊಂದು ಅದ, ನಾವಿಕ್ ಅಂತ. ಅದರ ಮೊದಲ ಉಪಗ್ರಹ 2013ರಾಗ, ಏಳನೇದು 2016ರಾಗ ಹಾರಿತು, ಅದರ ಕೇಂದ್ರ ಬೆಂಗಳೂರು ಹತ್ತಿರದ ಬ್ಯಾಲಾಳುವಿನ್ಯಾಗ ಅದ. ಅದು ಉಪಗ್ರಹದ ಮಾತಾತು, ದಾರಿ ಬರದಿಡೋ ಕೆಲಸ ಬ್ಯಾರೆ.

ಈಗ ಆ ಕೆಲಸದ ಸಾಫ್ಟ್‌ವೇರಿಗೆ ಬರೋಣ. ವಿಚಿತ್ರ ಅಂದ್ರ, ಕಾರಿನ್ಯಾಗ ನಕಾಶ ತೋರಸೋ ಮೊದಲನೇ ಯಂತ್ರಗಳಿಗೆ ಜಿಪಿಎಸ್‌ನ ಇದ್ದಿಲ್ಲ. 1985ರಾಗ ಕ್ಯಾಲಿಫೋರ್ನಿಯಾದ ಈಟಾಕ್ ಅನ್ನೋ ಕಂಪನಿ ಒಂದು ಮಾಡಿ ಮಾರಿತು. ಗಾಲಿ ಎಷ್ಟು ಸುತ್ತು ತಿರುಗಿತು, ದಿಕ್ಸೂಚಿ ಯಾವ ಕಡೆ ತೋರಿಸ್ತು ಅಂತ ಎಣಿಸಿ ಅದು ಜಾಗಾ ಹೇಳತಿತ್ತು. ನಕಾಶ ಎಲ್ಲಾ ಕ್ಯಾಸೆಟ್‌ನ್ಯಾಗ. ನಾವು ದಾಸರ ಪದದ ಕ್ಯಾಸೆಟ್ ಹಾಕಿದಂಗ ಅವರು ಊರಿನ ಕ್ಯಾಸೆಟ್ ಹಾಕಬೇಕಿತ್ತು, ದೊಡ್ಡ ಶಹರಕ್ಕ ಒಂದು ಸಾಲತಿದ್ದಿಲ್ಲ. ಈಟಾಕ್ ಅನ್ನೋ ಹೆಸರು ಪೆಸಿಫಿಕ್ ದ್ವೀಪದ ನಾವಿಕರದು. ಅವರು ತಮ್ಮ ದೋಣಿ ನಿಂತದ, ದ್ವೀಪಗಳ ಹತ್ತಿರ ಬರ್ಲಿಕತ್ತಾವ ಅಂತ ಲೆಕ್ಕ ಹಿಡೀತಾರ. ಇವತ್ತು ನಮ್ಮ ಫೋನಿನ್ಯಾಗೂ ನಾವು ನಡುವ ನಿಂತಿರ್ತೀವಿ, ನಕಾಶ ಸರೀತದ, ನೋಡ್ರಿ.

1988ರಾಗ ಇಂಗ್ಲಂಡಿನ್ಯಾಗ ಆಟೋರೂಟ್ ಬಂತು, ಮನಿ ಕಂಪ್ಯೂಟರ್ ಮ್ಯಾಲೆ ಎರಡು ಊರಿನ ಹೆಸರು ಕೊಟ್ರ ದಾರಿ ಛಾಪಿಸಿ ಕೊಡೂದು. ಆಮ್ಯಾಲ ಅದನ್ನ ಮೈಕ್ರೋಸಾಫ್ಟ್ ಕೊಂಡಿತು. 1991ರಾಗ ಡಿಲೋರ್ಮ್ ಅನ್ನೋ ಕಂಪನಿ ಅಮೆರಿಕಾದ ಎಲ್ಲಾ ಬೀದಿಗಳನ್ನ ಒಂದ ಸಿಡಿಯೊಳಗ ತುಂಬಿ ಮಾರಿತು. ಕೈಯಾಗ ಹಿಡಿಯೋ ಜಿಪಿಎಸ್ ಯಂತ್ರ ಮ್ಯಾಜೆಲ್ಲನ್ ಕಂಪನಿಯಿಂದ 1989ರಾಗ ಬಂದಿತ್ತು, ಬೆಲಿ ಸುಮಾರು 3,000 ಡಾಲರ್. ಅದೇ ವರ್ಷ ಗಾರ್ಮಿನ್ ಕಂಪನಿ ಹುಟ್ಟಿತು. ಆಮ್ಯಾಲ ಬೆಲಿ ಇಳೀತು, ಗುಡ್ಡಾ ಹತ್ತೋರು, ಸೈಕಲ್ ಹೊಡಿಯೋರು, ಮೀನು ಹಿಡಿಯೋರು ಎಲ್ಲಾರೂ ಕೊಂಡ್ರು.

ಆವಾಗ ಹೊಸಾ ತ್ರಾಸ ಸುರು ಆತು. ಪ್ರತಿ ಕಂಪನಿಗೆ ತಂದ ಒಂದು ವೈರು, ತಂದ ಒಂದು ಸಾಫ್ಟ್‌ವೇರ್, ತಂದ ಒಂದು ಫೈಲಿನ ನಮೂನಿ. ಗಾರ್ಮಿನ್‌ದವರು ಮ್ಯಾಪ್‌ಸೋರ್ಸ್ ಅಂತ ಕೊಟ್ರು, ಮ್ಯಾಜೆಲ್ಲನ್‌ದವರಿಗೆ ಅದು ನಡಿಯೂದಿಲ್ಲ. ಆಸ್ಟ್ರೇಲಿಯಾದ ಓಝಿಎಕ್ಸ್‌ಪ್ಲೋರರ್ ಅಂತ ಒಂದಿತ್ತು, ಅದರಾಗ ಕಾಗದದ ನಕಾಶ ಸ್ಕ್ಯಾನ್ ಮಾಡಿ ಮೂಲಿ ಮೂಲಿ ಗುರ್ತು ಹಚ್ಚಿ ಕೂಡಿಸಬಹುದಿತ್ತು, ಛಾಪಿಸಿದ ನಕಾಶ ಅಷ್ಟ ಸಿಗೋ ದೇಶದ ಮಂದಿಗೆ ಭಾಳ ಉಪಯೋಗ. ಆದ್ರ ಅದರದ್ದೂ ಫೈಲು ಬ್ಯಾರೆ. ಒಂದು ಡಬ್ಬಿ ಮುಚ್ಚಳ ಇನ್ನೊಂದಕ್ಕ ಕೂಡದಂಗ ಎಲ್ಲಾ.

ಈ ಜಗಳಾ ಬಿಡಿಸಿದ್ದು ಒಂದು ಸಣ್ಣ ಫೈಲು. 2000ದ ಮೇದಾಗ ಕಲಬೆರಕಿ ನಿಂತ ಮೂರ ದಿನದಾಗ ಅಮೆರಿಕಾದ ಆರೆಗಾನಿನ್ಯಾಗ ಒಬ್ಬಾವ ಕಾಡಿನ್ಯಾಗ ಒಂದು ಡಬ್ಬಿ ಹೂತು, ಅದರ ಅಕ್ಷಾಂಶ ರೇಖಾಂಶ ಹೇಳಿ "ಹುಡುಕ್ರಿ" ಅಂದ. ಜಿಯೋಕ್ಯಾಶಿಂಗ್ ಅನ್ನೋ ಆಟ ಹಂಗ ಹುಟ್ಟಿತು. ಸಾವಿರಾರು ಮಂದಿ ಒಬ್ಬರಿಗೊಬ್ಬರು ಜಾಗಾದ ಗುರ್ತು ಕೊಡಬೇಕಾತು. ಎಲ್ಲಾರ ಯಂತ್ರ ಬ್ಯಾರೆ ಬ್ಯಾರೆ. ಇಂಥಾ ಹೊತ್ತಿನ್ಯಾಗ, 2002ರಾಗ, ಟೋಪೋಗ್ರಾಫಿಕ್ಸ್ ಅನ್ನೋ ಸಣ್ಣ ಕಂಪನಿಯ ಡ್ಯಾನ್ ಫಾಸ್ಟರ್ ಎಲ್ಲಾರಿಗೂ ನಡಿಯೋ ಒಂದು ನಮೂನಿ ಮಾಡಿ ಪುಕ್ಕಟ ಬಿಟ್ಟ. ಅದ ಜಿಪಿಎಕ್ಸ್. 2004ರಾಗ ಅದಕ್ಕ ಒಂದು ಸುಧಾರಣಾ ಆತು, ಇವತ್ತಿಗೂ ಅದ ನಡದದ. ಹೆಂಗ ಹಾಲಿಗೆ ಪಾವು ಸೇರು ಹೋಗಿ ಊರಿಗೆಲ್ಲಾ ಲೀಟರ್ ಬಂತೋ ಹಂಗ. ಹಳೇ ನಮೂನಿಗಳನ್ನ ಜಿಪಿಎಕ್ಸಿಗೆ ತಿರುವಲಿಕ್ಕೆ ರಾಬರ್ಟ್ ಲೈಪ್ ಅನ್ನೋರು ಸುರು ಮಾಡಿದ ಜಿಪಿಎಸ್‌ಬಾಬೆಲ್ ಅಂತ ಪುಕ್ಕಟ ಸಾಫ್ಟ್‌ವೇರ್ ಒಂದದ, ಹಳೇ ಯಂತ್ರ ಮನ್ಯಾಗಿದ್ರ ನೆನಪಿಡ್ರಿ.

ಜಿಪಿಎಕ್ಸ್ ಫೈಲಿನ ಒಳಗ ಮೂರ ಸಾಮಾನು ಇರ್ತಾವ. ರಂಗೋಲಿ ಹಾಕೋರಿಗೆ ಇದು ಲಗೂನ ತಿಳೀತದ. ಒಂದು, ಚುಕ್ಕಿ: ಗುಡಿ, ಭಾಂವಿ, ಛತ್ರ, ಹಿಂಗ ಒಂದೊಂದು ಜಾಗಾ. ಎರಡು, ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಹೋಗೂದು ಅನ್ನೋ ಕ್ರಮ. ಇದಕ್ಕ ರೂಟ್ ಅಂತಾರ. ಮೂರು, ಖರೇನ ನಡದು ಹಾಕಿದ ಗೆರಿ, ಹೆಜ್ಜಿ ಹೆಜ್ಜಿಗೆ. ಇದಕ್ಕ ಟ್ರ್ಯಾಕ್ ಅಂತಾರ. ಎರಡನೇದಕ್ಕೂ ಮೂರನೇದಕ್ಕೂ ಇರೋ ಫರಕ್ ತಿಳೀದ ಎಷ್ಟೋ ಮಂದಿ ದಾರಿ ತಪ್ತಾರ. ರೂಟ್ ಕೊಟ್ರ ನೀವು ಚುಕ್ಕಿ ಅಷ್ಟ ಕೊಟ್ಟಂಗ. ಆ ಕಡಿಯ ಯಂತ್ರ ಚುಕ್ಕಿ ನಡುವ ತಾನ ಗೆರಿ ಎಳೀತದ, ತನ್ನ ಹಂತ್ಯಾಕಿರೋ ನಕಾಶ ನೋಡಿ, ತನ್ನ ಲೆಕ್ಕದಂಗ. ಒಂದ ಚುಕ್ಕಿಯಿಂದ ನೀವು ಕಮಲ ಹಾಕಿದ್ರ ಬಾಜೂ ಮನಿಯಾಕಿ ನವಿಲು ಹಾಕಿದಂಗ. ನೀವು ಹೊಲದ ಹಾದಿ ಅಂತ ಇಟ್ಟದ್ದು ಅಲ್ಲಿ ಹೆದ್ದಾರಿ ಆಗಿ ಕೂಡ್ತದ. ಟ್ರ್ಯಾಕ್ ಕೊಟ್ರ ಗೆರಿನ ಕೊಟ್ಟಂಗ, ಅದನ್ನ ಯಾರೂ ತಿದ್ದಂಗಿಲ್ಲ. ಅದಕ್ಕ ಹಿರೇರ ಹಾದಿ ಉಳಸಬೇಕಾದ್ರ ಚುಕ್ಕಿ ಮತ್ತ ಟ್ರ್ಯಾಕ್, ಎರಡೂ ಇರಬೇಕು.

2005 ಅಂದ್ರ ದೊಡ್ಡ ವರ್ಷ. ಫೆಬ್ರುವರಿಯೊಳಗ ಗೂಗಲ್ ಮ್ಯಾಪ್ಸ್, ಜೂನಿನ್ಯಾಗ ಗೂಗಲ್ ಅರ್ಥ್. ನಮ್ಮ ಮನಿ ಮಾಳಗಿ ಮ್ಯಾಲಿನಿಂದ ಕಾಣ್ತದ ಅಂತ ಎಲ್ಲಾರೂ ಬೆರಗಾದ್ರು. ಅದಕ್ಕೂ ಒಂದು ವರ್ಷ ಮೊದಲು, 2004ರಾಗ, ಲಂಡನ್ನಿನ ಸ್ಟೀವ್ ಕೋಸ್ಟ್ ಅನ್ನೋ ಹುಡುಗ ಇನ್ನೊಂದು ಕೆಲಸ ಸುರು ಮಾಡಿದ್ದ. ಅಲ್ಲಿಯ ಸರಕಾರಿ ನಕಾಶ ತುಟ್ಟಿ, ಅದರ ಮ್ಯಾಲೆ ಕಟ್ಟು ಬ್ಯಾರೆ. ಹಂಗಾದ್ರ ನಾವ ನಡದು ನಾವ ನಕಾಶ ಮಾಡೋಣ, ಯಾರು ಬೇಕಾದ್ರೂ ಬಳಸಲಿ ಅಂದ. ಅದ ಓಪನ್‌ಸ್ಟ್ರೀಟ್‌ಮ್ಯಾಪ್. ಎಲ್ಲಾರೂ ಕೂಡಿ ಮಾಡೋ ಸಾಮೂಹಿಕ ಅಡಿಗಿ ಇದ್ದಂಗ, ಒಬ್ಬಾಕಿ ಕಾಯಿಪಲ್ಲೆ ಹೆಚ್ಚತಾಳ, ಒಬ್ಬಾಕಿ ಒಲಿ ನೋಡ್ತಾಳ. ಅದರ ಕಿಮ್ಮತ್ತು ಗೊತ್ತಾದದ್ದು 2010ರ ಜನವರಿಯೊಳಗ, ಹೈಟಿ ದೇಶದಾಗ ಭೂಕಂಪ ಆದಾಗ. ರಾಜಧಾನಿಗೆ ಸರಿಯಾದ ನಕಾಶನ ಇದ್ದಿಲ್ಲ. ದೂರ ದೂರ ದೇಶದ ನೂರಾರು ಮಂದಿ ತಮ್ಮ ಮನ್ಯಾಗ ಕೂತು, ಉಪಗ್ರಹದ ಚಿತ್ರ ನೋಡಕೋತ ಬೀದಿ ಬೀದಿ ಬರದ್ರು. ಮಂದಿ ಉಳಸಲಿಕ್ಕೆ ಹೋದವರು ಅದನ್ನ ಹಿಡಕೊಂಡು ಓಡಾಡಿದ್ರು.

ನಮಗ ಬೇಕಾದ ಮಾತು ಇಲ್ಲೆ ಅದ. ಈ ನಕಾಶದಾಗ ಕುಡಿಯೋ ನೀರಿನ ನಳ, ಭಾಂವಿ, ಕಾಲುದಾರಿ, ಹೆಣ್ಣಮಕ್ಕಳ ಶೌಚಾಲಯ ಅಂತ ಬ್ಯಾರೆ ಬ್ಯಾರೆ ಗುರ್ತು ಹಚ್ಚಲಿಕ್ಕೆ ಬರ್ತದ. ಊರಿನ ಹೆಸರು ಕನ್ನಡದಾಗ ಬರೀಲಿಕ್ಕೂ ಬ್ಯಾರೆ ಜಾಗಾ ಅದ. ಲ್ಯಾಂಬ್ಟನ್ ನಕಾಶದಾಗ ಬರದ ಇದ್ದ ನೀರಿನ ಹಾದಿಯನ್ನ ನೀರು ತರಾಕಿನ ಬರೀಬಹುದು.

ಇನ್ನ ಕೈ ಬಿಟ್ಟವರ ಲೆಕ್ಕ ಹೇಳ್ತೀನಿ, ಇದು ಎಲ್ಲಾಕ್ಕಿಂತ ದೊಡ್ಡದು. ಮೈಕ್ರೋಸಾಫ್ಟಿನ ಸ್ಟ್ರೀಟ್ಸ್ ಆಂಡ್ ಟ್ರಿಪ್ಸ್, ಆಟೋರೂಟ್ ಎರಡನ್ನೂ 2014ರ ಕಡೀಕ ನಿಲ್ಲಿಸಿಬಿಟ್ರು. ಗೂಗಲ್‌ದವರ ಮೈ ಟ್ರ್ಯಾಕ್ಸ್, ನಡದ ಹಾದಿ ಬರದಿಡೋ ಛಲೋ ಆ್ಯಪ್, 2016ರ ಏಪ್ರಿಲ್‌ಗೆ ಮುಗೀತು. ನಮ್ಮ ದೇಶದ ಎಷ್ಟೋ ಮಂದಿ ತಮ್ಮೂರಿನ ಓಣಿ, ಗುಡಿ, ಅಂಗಡಿ ತುಂಬಿದ ಗೂಗಲ್ ಮ್ಯಾಪ್ ಮೇಕರ್ 2017ರಾಗ ಮುಚ್ಚಿತು. ಗಾರ್ಮಿನ್ ಕೊಂಡ ಡಿಲೋರ್ಮ್ ಹೆಸರು ಹೋತು, ಮ್ಯಾಪ್‌ಸೋರ್ಸ್ ಹೋಗಿ ಬೇಸ್‌ಕ್ಯಾಂಪ್ ಬಂತು, ಈಗ ಅದನ್ನೂ ಮುಂದ ಬೆಳಸೂದು ನಿಲ್ಲಿಸ್ಯಾರ. ಇವು ಕೆಟ್ಟ ಸಾಫ್ಟ್‌ವೇರ್ ಅಂತಲ್ಲ. ಬಾಡಗಿ ಮನಿ ಇದ್ದಂಗ, ಮಾಲಕ "ಬಿಡ್ರಿ" ಅಂದ್ರ ಬಿಡಬೇಕು. ತಮ್ಮ ಹಾದಿಯನ್ನ ಜಿಪಿಎಕ್ಸ್‌ನ್ಯಾಗ ತೆಗೆದಿಟ್ಟವರು ಗಂಟು ಮೂಟಿ ಕಟಗೊಂಡು ಮುಂದಿನ ಮನಿಗೆ ಹೋದ್ರು. ತೆಗೆದಿಡದವರ ಹಾದಿ ಮನಿ ಜೊತಿನ ಹೋತು.

ಗುಟ್ಟಿನ ಮಾತೂ ಅದ. 2018ರ ಜನವರಿಯೊಳಗ ಸ್ಟ್ರಾವಾ ಅನ್ನೋ ವ್ಯಾಯಾಮದ ಆ್ಯಪಿನವರು, ತಮ್ಮ ಮಂದಿ ಎಲ್ಲೆಲ್ಲೆ ಓಡ್ಯಾರ ಅಂತ ಜಗತ್ತಿನ ನಕಾಶದ ಮ್ಯಾಲೆ ಬೆಳಕಿನ ಗೆರಿ ಹಾಕಿ ತೋರಿಸಿದ್ದು ದೊಡ್ಡ ಸುದ್ದಿ ಆತು. ಮರಳುಗಾಡಿನ ಕತ್ತಲಿಯೊಳಗ ಸಣ್ಣ ಸಣ್ಣ ಬೆಳಕಿನ ಚೌಕ ಕಂಡವು. ನೋಡಿದ್ರ ಸೈನಿಕರು ತಮ್ಮ ಗುಪ್ತ ಠಾಣೆದಾಗ ಮುಂಜಾನೆ ಓಡಿದ ಗೆರಿ ಅವು! ಸೈನ್ಯದ ಗುಟ್ಟ ಹಿಂಗ ಬಯಲಾದ್ರ ಮುಂಜಾನೆ ಒಬ್ಬಾಕಿನ ಕೆರಿ ದಂಡಿಗೆ ವಾಕಿಂಗ್ ಹೋಗೋ ಹೆಣ್ಣಮಗಳ ಗತಿ ಏನು? ಟ್ರ್ಯಾಕ್ ಬರಿಯೂದನ್ನ ಮನಿ ಬಾಗಲದಾಗ ಸುರು ಮಾಡಬ್ಯಾಡ್ರಿ, ಓಣಿ ದಾಟಿ ದೊಡ್ಡ ರಸ್ತೆಗೆ ಬಂದ ಮ್ಯಾಲೆ ಸುರು ಮಾಡ್ರಿ. ಮುಗಸೂದೂ ಹಂಗ. ಹೊರಗಿನವರಿಗೆ ಕೊಡೋ ಫೈಲಿನ್ಯಾಗ ತಾರೀಖು ಗಂಟೆ ಇರದಂಗ ನೋಡಕೋರಿ, ಫೈಲಿನ್ಯಾಗ ಪ್ರತಿ ಹೆಜ್ಜಿಗೂ ಗಂಟೆ ನಿಮಿಷ ಬರದಿರ್ತದ.

ಈಗ ಆರಿಸೋ ಮಾತು. ನಾ ನಾಲ್ಕ ಪ್ರಶ್ನೆ ಕೇಳ್ತೀನಿ. ಜಿಪಿಎಕ್ಸ್ ಒಳಗ ತೊಗೋತದೇನು, ಹೊರಗ ಕೊಡ್ತದೇನು? ನೆಟ್‌ವರ್ಕ್ ಇಲ್ಲದ ಕಡೆ ನಕಾಶ ತೆರೀತದೇನು? ನಡಿಯೋರ ಲೆಕ್ಕ ಬ್ಯಾರೆ ಅದ ಏನು? ನಾವು ಹಾಕಿದ ಗುರ್ತು ಯಾರಿಗೆ ಕಾಣ್ತದ?

ಈ ನಾಲ್ಕಕ್ಕ ಹಚ್ಚಿ ನೋಡಿದ್ರ: ಮಾಮೂಲಿ ಗೂಗಲ್ ಮ್ಯಾಪ್ಸ್ ಗಾಡಿ ತೊಗೊಂಡು ಹೋಗಲಿಕ್ಕೆ ಛಲೋ, ಆದ್ರ ಒಂದು ದಾರಿಗೆ ಹತ್ತರ ಮ್ಯಾಲೆ ಜಾಗಾ ಹಾಕಲಿಕ್ಕೆ ಬಿಡಂಗಿಲ್ಲ. ದಿನಕ್ಕ ಮಧ್ಯಾಹ್ನ ಒಂದು, ರಾತ್ರಿ ಒಂದು ವಸ್ತಿ ಅಂದ್ರ ಐದ ದಿನಕ್ಕ ಅದು ತುಂಬಿಹೋತು. ಅವರದ್ದ ಮೈ ಮ್ಯಾಪ್ಸ್ ಅಂತ ಬ್ಯಾರೆ ಅದ, ಅದರಾಗ ಜಿಪಿಎಕ್ಸ್ ಹಾಕಬಹುದು, ಎಲ್ಲಾರೂ ಕೂಡಿ ತಿದ್ದಬಹುದು. ಹಿರೇರ ಜೊತಿ ಕೂತು ಮೊದಲ ಸುತ್ತಿನ ಗುರ್ತು ಹಾಕಲಿಕ್ಕೆ ಅದು ಹಗುರ. ಆದ್ರ ಅದರಿಂದ ಹೊರಗ ಬರೂದು ಕೆಎಂಎಲ್ ಅನ್ನೋ ನಮೂನಿಯೊಳಗ. ಜಿಪಿಎಕ್ಸ್‌ನ್ಯಾಗ ಅಕ್ಷಾಂಶ ಮೊದಲು, ಕೆಎಂಎಲ್‌ನ್ಯಾಗ ರೇಖಾಂಶ ಮೊದಲು, ಕೈಯಿಂದ ಬರೀವಾಗ ಅದಲಿಬದಲಿ ಮಾಡಿದ್ರ ಧಾರವಾಡ ಎಲ್ಲೋ ಉತ್ತರ ಧ್ರುವದ ಕಡೆ ಹೋಗಿ ಕೂಡ್ತದ. ಗಾರ್ಮಿನ್ ಯಂತ್ರ ಮನ್ಯಾಗ ಇದ್ದವರಿಗೆ ಬೇಸ್‌ಕ್ಯಾಂಪ್ ಇನ್ನೂ ನಡೀತದ. ಯಂತ್ರ ಇಲ್ಲದವರು ಅದರ ಹಿಂದ ಬೀಳೋ ಕಾರಣ ಇಲ್ಲ. ಕಂಪ್ಯೂಟರ್ ಮ್ಯಾಲೆ ಹಾದಿಗಳನ್ನ ವರ್ಷ ವರ್ಷ ಜೋಡಿಸಿ ಇಡಲಿಕ್ಕೆ ಕ್ಯೂಮ್ಯಾಪ್‌ಶ್ಯಾಕ್ ಅಂತ ಪುಕ್ಕಟ ಸಾಫ್ಟ್‌ವೇರ್ ಅದ. ಕಲೀಲಿಕ್ಕೆ ಸ್ವಲ್ಪ ತ್ರಾಸು, ಆದ್ರ ಎಲ್ಲಾ ನಮ್ಮ ಕಂಪ್ಯೂಟರ್‌ನ್ಯಾಗ ಇರ್ತದ. ಫೋನಿಗೆ ಓಎಸ್‌ಎಂಆ್ಯಂಡ್ ಇಲ್ಲಾ ಆರ್ಗ್ಯಾನಿಕ್ ಮ್ಯಾಪ್ಸ್: ಎರಡೂ ಓಪನ್‌ಸ್ಟ್ರೀಟ್‌ಮ್ಯಾಪಿನ ನಕಾಶ ಫೋನಿನ್ಯಾಗ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದನ ತೋರಸ್ತಾವ, ನಡಿಯೋರ ದಾರಿ ಬ್ಯಾರೆ ಲೆಕ್ಕ ಹಾಕ್ತಾವ. ಆರ್ಗ್ಯಾನಿಕ್ ಮ್ಯಾಪ್ಸ್ ಹಿರೇರಿಗೆ ಸರಳ, ಓಎಸ್‌ಎಂಆ್ಯಂಡ್‌ನ್ಯಾಗ ಸವಲತ್ತು ಹೆಚ್ಚು, ಗುಂಡಿನೂ ಹೆಚ್ಚು.

ನನ್ನ ಆರಿಕಿ ಹಿಂಗದ: ಗುರ್ತು ಹಾಕಲಿಕ್ಕೆ ಯಾವುದಾದ್ರೂ ಆಗಲಿ, ಇಡೂದು ಮಾತ್ರ ಜಿಪಿಎಕ್ಸ್. ಆ ಫೈಲನ್ನ ಸಾದಾ ನೋಟ್‌ಪ್ಯಾಡಿನ್ಯಾಗ ತೆರದ್ರೂ ಓದಲಿಕ್ಕೆ ಬರ್ತದ. ಧಾರವಾಡ ಅಂದ್ರ ಸುಮಾರು 15.46, 75.01, ಪಂಢರಪುರ ಅಂದ್ರ ಸುಮಾರು 17.68, 75.33, ಹಿಂಗ ಅಂಕಿ ಇರ್ತಾವ. ಚುಕ್ಕಿ ಆದ ಮ್ಯಾಲೆ ಐದು ಅಂಕಿ ಇದ್ರ ಒಂದು ಮೀಟರಿನ ಲೆಕ್ಕ ಸಿಗ್ತದ, ಭಾಂವಿ ಕಟ್ಟಿ ಹುಡಕಲಿಕ್ಕೆ ಅಷ್ಟು ಸಾಕು. ಎಲ್ಲಾ ಸಾಫ್ಟ್‌ವೇರ್ ಮುಚ್ಚಿಹೋದ್ರೂ ಈ ಅಂಕಿ ಇದ್ದ ಹಾಳಿ ಇದ್ರ ಜಾಗಾ ಸಿಕ್ಕ ಸಿಗ್ತದ.

ಆದ್ರ ಚುಕ್ಕಿ ಜೊತಿ ಮಾತೂ ಬರೀರಿ. ಪ್ರತಿ ಗುರ್ತಿಗೆ ಹೆಸರು ಬರಿಯೋ ಜಾಗಾದ ಬಾಜೂ ಟಿಪ್ಪಣಿ ಬರಿಯೋ ಜಾಗಾ ಒಂದಿರ್ತದ, ಭಾಳ ಮಂದಿ ಅದನ್ನ ಖಾಲಿ ಬಿಡ್ತಾರ. ಮಾವಶಿ ಹೇಳೂದು ಅಲ್ಲಿ ಬರಬೇಕು, ಅವರ ಮಾತಿನ್ಯಾಗನ, ಕನ್ನಡದಾಗ: "ಇಲ್ಲೆ ನೀರು ಸಿಹಿ, ಹಗ್ಗ ತರಬೇಕು." "ಈ ಛತ್ರದ ಹಿಂದಿನ ಕ್ವಾಣಿ ಹೆಣ್ಣಮಕ್ಕಳಿಗೆ ಬಿಡ್ತಾರ, ಮೊದಲ ಹೇಳಿರಬೇಕು." "ಹಳ್ಳಕ್ಕ ಮಳಿ ಬಂದಿದ್ರ ಸೇತುವಿ ಕಡೆ ಹೋಗ್ರಿ." ಉಪಗ್ರಹಕ್ಕ ಇದು ಕಾಣಂಗಿಲ್ಲ, ಯಾವ ಲೆಕ್ಕಕ್ಕೂ ಇದು ಸಿಗಂಗಿಲ್ಲ. ಮೊದಲ ಈ ಕೆಲಸ ಮುಗಸ್ರಿ, ಮಾವಶಿ ಮುಂದ ಕೂತು. ಟ್ರ್ಯಾಕ್ ಆಷಾಢದಾಗ ನಡಿಯೋರು ನಡಕೋತ ಬರದು ತರ್ತಾರ.

ಫೈಲು ಆದ ಮ್ಯಾಲೆ ಒಂದು ಕಂಪ್ಯೂಟರ್‌ನ್ಯಾಗ, ಒಂದು ಪೆನ್‌ಡ್ರೈವ್‌ನ್ಯಾಗ, ಒಂದು ಇನ್ನೊಬ್ಬರ ಮನ್ಯಾಗ ಇರಲಿ. ದಿನದ ವಸ್ತಿ, ಊರಿನ ಹೆಸರು, ಅಂಕಿ ಮತ್ತ ಟಿಪ್ಪಣಿ ಛಾಪಿಸಿ ದಿಂಡಿಯ ಹಾಡಿನ ಪುಸ್ತಕದ ಹಿಂದ ಒಂದೊಂದು ಪ್ರತಿ ಹಚ್ಚರಿ. ಫೋನಿನ ಚಾರ್ಜ್ ಹೋದಾಗ ಅದು ಕೆಲಸಕ್ಕ ಬರ್ತದ.